ಉತ್ತರಿ ಮಳೆಗೆ ಮುನ್ನ: ಒಣ ವಲಯದ ಕೃಷಿ ಸಂಶೋಧನಾ ಕೇಂದ್ರ ನಡೆಸುವ ಬಗೆ

ಸರ್ಕಾರದ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ. ಉತ್ತರ ಒಣ ವಲಯದ ಕೇಂದ್ರಕ್ಕೆ ವರ್ಷ ಶುರುವಾಗುವುದು ಉತ್ತರಿ ಮಳೆಗೆ, ಅಂದರೆ ಸೆಪ್ಟೆಂಬರ್ ಮಧ್ಯಕ್ಕೆ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಆಳವಾದ ಎರೆ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ. ಕಡಲೆಗೆ ಇನ್ನೊಂದು ವಾರ ಹೆಚ್ಚು ಸಿಕ್ಕೀತು. ಅದರಲ್ಲೂ ಮಳೆ ಬಿಟ್ಟು ಮಣ್ಣು ಕಾಲಿಗೆ ಅಂಟದ ಹಾಗಾಗಿ, ಮೇಲಿನ ಪದರ ಒಣಗುವ ಮೊದಲು ಕೂರಿಗೆ ಹೂಡಲು ಸಿಗುವ ಹದ ನಾಲ್ಕೈದು ದಿನ ಅಷ್ಟೆ. ಆ ನಾಲ್ಕೈದು ದಿನದಲ್ಲಿ ಆಳು, ಬೀಜ, ಡೀಸೆಲ್, ನಕ್ಷೆ ಎಲ್ಲವೂ ಒಂದೇ ಕಡೆ ಇರುವಂತೆ ನೋಡಿಕೊಳ್ಳುವುದೇ ಕೇಂದ್ರದ ಮುಖ್ಯಸ್ಥನ ಕೆಲಸದಲ್ಲಿ ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗೇ ಸಭೆಗಳು, ವರದಿಗಳು, ಸನ್ಮಾನಗಳು.

ಆದ್ದರಿಂದ ಕ್ಯಾಲೆಂಡರನ್ನು ನಾನು ಸೆಪ್ಟೆಂಬರ್ 15ರಿಂದ ಹಿಂದಕ್ಕೆ ಎಣಿಸುತ್ತೇನೆ. ಆಗಸ್ಟ್ ಕೊನೆಗೆ ಎಲ್ಲ ಪ್ರಯೋಗಗಳ ಬೀಜದ ಪೊಟ್ಟಣ ಕಟ್ಟಿ, ಪ್ಲಾಟ್ ಸಂಖ್ಯೆ ಬರೆದು, ಟ್ರೇಗಳಲ್ಲಿ ಸಾಲಾಗಿ ಜೋಡಿಸಿರಬೇಕು. ಜುಲೈಗೆ ಕೂಲಿ ಆಳಿನ ಹೊರಗುತ್ತಿಗೆ ಟೆಂಡರ್ ಮುಗಿದಿರಬೇಕು. ಮಂಜೂರಾತಿ, ತಾಂತ್ರಿಕ ಬಿಡ್, ದರದ ಬಿಡ್, ತಕರಾರು ಎಂದು ಅದು ಎರಡು ತಿಂಗಳು ಎಳೆಯುತ್ತದೆ, ಹಾಗಾಗಿ ಕಡತ ಏಪ್ರಿಲ್ ಕೊನೆಗೇ ಮೇಲೆ ಹೋಗಬೇಕು. ಜೂನ್‌ನಲ್ಲಿ ಹಿಂಗಾರಿಗೆ ಬಿಟ್ಟ ಹೊಲದಲ್ಲೆಲ್ಲ ಕುಂಟೆ ಹೊಡೆದು ಚೌಕು ಮಡಿ ಎಳೆಯಬೇಕು. ಇಳಿಜಾರು ಕಡಿಮೆಯಿದ್ದರೆ 15 ಅಡಿ ಚೌಕ, ಹೆಚ್ಚಿದ್ದರೆ 10 ಅಡಿ. ಬಿದ್ದ ನೀರು ಬಿದ್ದಲ್ಲೇ ಇಂಗಲಿ ಎಂದು ಇದನ್ನು ಮಾಡುವುದು. ಬಿತ್ತನೆಗೆ ಮುಂಚೆ ಕುಂಟೆಯಿಂದ ಮಡಿ ಸಮ ಮಾಡುತ್ತೇವೆ. ರೈತರಿಗೆ ಇದನ್ನು ವರ್ಷಗಟ್ಟಲೆ ಹೇಳುತ್ತಾ ಬಂದ ಕೇಂದ್ರಗಳೇ ತಮ್ಮ ಹೊಲದಲ್ಲಿ ಮಡಿ ಎಳೆಯುವುದನ್ನು ಜುಲೈ ಕೊನೆಗೆ ತಳ್ಳಿರುತ್ತವೆ. ಅಷ್ಟರಲ್ಲಿ ಮುಂಗಾರಿನ ಎರಡು ದೊಡ್ಡ ಮಳೆ ಹರಿದು ಹಳ್ಳ ಸೇರಿರುತ್ತದೆ.

ಈ ಭಾಗದಲ್ಲಿ ಒಣಬೇಸಾಯ ಸಂಶೋಧನೆ ಹೊಸದಲ್ಲ. 1930ರ ದಶಕದಲ್ಲೇ ವಿಜಯಪುರ, ಹಗರಿ, ರಾಯಚೂರು, ಸೊಲ್ಲಾಪುರ, ರೋಹ್ಟಕ್‌ಗಳಲ್ಲಿ ಒಣಬೇಸಾಯದ ಕೇಂದ್ರಗಳು ಕೆಲಸ ಶುರು ಮಾಡಿದವು. ಹಾಗಾಗಿ ಹಳೆಯ ಕೇಂದ್ರಗಳ ಮಣ್ಣಿಗೆ ನೆನಪು ಹೆಚ್ಚು: ಎಲ್ಲೋ ಹಳೆಯ ಕಣ, ಎಲ್ಲೋ ತಿಪ್ಪೆ, ಎಲ್ಲೋ ಒಡೆದು ಸಮ ಮಾಡಿದ ಬದು. ಅಂಥ ಜಾಗದಲ್ಲಿ ಬೆಳೆ ಹುಲುಸಾಗಿ ನಿಂತರೆ ಅದು ತಳಿಯ ಗುಣವಲ್ಲ, ಹಳೆಯ ಗೊಬ್ಬರದ ಗುಣ. ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸವೆಂದರೆ ಬ್ಲಾಕ್‌ವಾರು ಇತಿಹಾಸದ ನಕ್ಷೆ: ಹಿಂದಿನ ಐದು ವರ್ಷ ಯಾವ ಬೆಳೆ, ಎಷ್ಟು ಗೊಬ್ಬರ, ಯಾವ ಕಳೆನಾಶಕ, ಮಣ್ಣಿನ ಆಳ ಎಷ್ಟು. ಆಳವನ್ನು ಆಗರ್ ಎಂಬ ಮಣ್ಣು ಕೊರೆಯುವ ಉಪಕರಣದಿಂದ 25 ಮೀಟರಿಗೊಂದು ಕಡೆ ಚುಚ್ಚಿ ಅಳೆದರೆ ಸಾಕು, ಗರಸು ಎಲ್ಲಿ ಸಿಗುತ್ತದೆಂದು ಗೊತ್ತಾಗುತ್ತದೆ. 90 ಸೆಂಟಿಮೀಟರ್ ಆಳದ ಎರೆಯೂ 45 ಸೆಂಟಿಮೀಟರ್‌ನ ಎರೆಯೂ ಮೇಲ್ನೋಟಕ್ಕೆ ಒಂದೇ. ಡಿಸೆಂಬರ್ ದಾಟಿದ ಮೇಲೆ ಆಳವಿಲ್ಲದ ಕಡೆ ಜೋಳ ಒಣಗಿ, ಕಾಂಡ ಕಪ್ಪಾಗಿ ಬೀಳತೊಡಗುತ್ತದೆ.

ಯಾವ ಬ್ಲಾಕ್ ಪ್ರಯೋಗಕ್ಕೆ, ಯಾವುದು ಬೀಜೋತ್ಪಾದನೆಗೆ ಎಂದು ನಕ್ಷೆಯ ಮೇಲೆ ಒಮ್ಮೆ ನಿರ್ಧರಿಸಿದರೆ ಆಮೇಲೆ ಯಾರು ಕೇಳಿದರೂ ಬದಲಾಯಿಸಬಾರದು. ಪ್ರಯೋಗ ಮುಗಿದ ಬ್ಲಾಕಿನಲ್ಲಿ ಮರುವರ್ಷ ಗೊಬ್ಬರವಿಲ್ಲದೆ ಒಂದೇ ಬೆಳೆ ಬಿತ್ತಿ ಮಣ್ಣಿನ ಏರುಪೇರು ಇಳಿಸಬೇಕು. ವಿಜ್ಞಾನಿಗಳಿಗೆ ಇದು ಹಿಡಿಸುವುದಿಲ್ಲ, ಒಂದು ವರ್ಷ ಜಾಗ ಕಳೆದುಕೊಂಡ ಹಾಗೆ ಅನಿಸುತ್ತದೆ. ಇಲ್ಲಿ ಮುಖ್ಯಸ್ಥ ಗಟ್ಟಿಯಾಗಬೇಕು. ಇಳಿಜಾರಿನ ಹೊಲದಲ್ಲಿ ಮೇಲಿನ ತುದಿ ಒಂದು ರೆಪ್ಲಿಕೇಶನ್ (ಎಲ್ಲ ತಳಿಗಳೂ ಒಮ್ಮೆ ಬರುವ ಒಂದು ಸುತ್ತು, ಚಿಕ್ಕದಾಗಿ ‘ರೆಪ್’), ನಡುವಿನದು ಇನ್ನೊಂದು, ತೇವ ನಿಲ್ಲುವ ಕೆಳಗಿನದು ಮತ್ತೊಂದು ಎಂದು ಅಡ್ಡಲಾಗಿ ಹಾಕಬೇಕು. ಇಳಿಜಾರಿನ ಉದ್ದಕ್ಕೆ ಹಾಕಿದರೆ ಒಂದೇ ರೆಪ್‌ನೊಳಗೆ ಒಣ ಮಣ್ಣೂ ತೇವದ ಮಣ್ಣೂ ಸೇರಿ ತಳಿಗಳ ನಡುವಿನ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಪ್ಲಾಟಿನ ಲೆಕ್ಕವನ್ನು ಕ್ಷೇತ್ರ ಸಹಾಯಕರಿಂದ ಹಿಡಿದು ಎಲ್ಲರಿಗೂ ಬಾಯಿಪಾಠ ಮಾಡಿಸುವುದು ಒಳ್ಳೆಯದು. ಬಿಳಿಜೋಳಕ್ಕೆ ಸಾಲಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15. ಆರು ಸಾಲಿನ, 5.1 ಮೀಟರ್ ಉದ್ದದ ಪ್ಲಾಟ್ ಎಂದರೆ 2.7 × 5.1 ಮೀಟರ್. ಒಂದು ಸಾಲಿಗೆ 34 ಗುಣಿ, ಪ್ಲಾಟಿಗೆ 204. ಗುಣಿಗೆ ಮೂರು ಕಾಳಿನಂತೆ 612 ಕಾಳು. ಸಾವಿರ ಕಾಳಿನ ತೂಕ 35 ಗ್ರಾಂ ಎಂದು ಹಿಡಿದರೆ ಸುಮಾರು 21 ಗ್ರಾಂ, ಪೊಟ್ಟಣಕ್ಕೆ 25 ಗ್ರಾಂ ತುಂಬುತ್ತೇವೆ. ಹನ್ನೆರಡು ತಳಿ, ಮೂರು ರೆಪ್, ಅಂದರೆ 36 ಪ್ಲಾಟ್. ದಾರಿಯ ಜಾಗ ಸೇರಿಸದೆ ಐದು ಗುಂಟೆ ಸಾಕು. ಬಿತ್ತುವಾಗ ಒಂದು ರೆಪ್ಲಿಕೇಶನ್ನನ್ನು ಅರ್ಧಕ್ಕೆ ನಿಲ್ಲಿಸಬಾರದು. ಸಂಜೆಯಾಯಿತು, ಮೋಡ ಕಟ್ಟಿತು ಎಂದರೆ ನಡೆಯುತ್ತಿರುವ ರೆಪ್ ಮುಗಿಸಿಯೇ ಏಳಬೇಕು. ಮುಂದಿನದು ನಾಳೆಯಾದರೂ ನಡೆಯುತ್ತದೆ, ದಿನದ ವ್ಯತ್ಯಾಸ ರೆಪ್‌ನ ಲೆಕ್ಕಕ್ಕೆ ಹೋಗುತ್ತದೆ.

ಬಿತ್ತಿದ 12ರಿಂದ 15 ದಿನಕ್ಕೆ ಗುಣಿಗೆ ಒಂದೇ ಸಸಿ ಉಳಿಸಿ ಮಿಕ್ಕದ್ದು ಕೀಳಿಸಬೇಕು. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ಕೂಲಿಯವರು ಕಿತ್ತುಹಾಕುವಾಗ ದಪ್ಪ ಸಸಿ ಉಳಿಸುತ್ತಾರೆ, ಅದು ಸರಿ. ಆದರೆ ಸುಳಿನೊಣ (ಎಳೆ ಸಸಿಯ ಸುಳಿ ಒಣಗಿಸುವ ಕೀಟ) ಬಿದ್ದ ಸಸಿಯನ್ನು ಮೊದಲು ಎಣಿಸಿ ಬರೆದುಕೊಳ್ಳದೆ ಕೀಳಿಸಿದರೆ ಕೀಟಶಾಸ್ತ್ರಜ್ಞರ ಅಂಕಿಅಂಶ ಮಣ್ಣುಪಾಲು. ಅಕ್ಟೋಬರ್‌ನಲ್ಲಿ ತಡವಾಗಿ ಬಿತ್ತಿದ ಜೋಳಕ್ಕೆ ಸುಳಿನೊಣ ಹೆಚ್ಚು, ಆದ್ದರಿಂದ ತಡವಾದ ಪ್ರಯೋಗದಲ್ಲಿ ಈ ಎಣಿಕೆ ಇನ್ನೂ ಮುಖ್ಯ.

ಕೊಯ್ಲಿಗೆ ಬದಿಯ ಒಂದೊಂದು ಸಾಲು, ತುದಿಯ 30 ಸೆಂಟಿಮೀಟರ್ ಬಿಟ್ಟರೆ ಉಳಿಯುವುದು ನಾಲ್ಕು ಸಾಲು, 4.5 ಮೀಟರ್, 120 ಗಿಡ, 8.1 ಚದರ ಮೀಟರ್. ಇಲ್ಲಿ ಒಂದು ಕಿಲೋ ಕಾಳು ಎಂದರೆ ಹೆಕ್ಟೇರಿಗೆ 12.35 ಕ್ವಿಂಟಾಲ್. ತಕ್ಕಡಿಯಲ್ಲಿ 50 ಗ್ರಾಂ ಹೆಚ್ಚುಕಡಿಮೆಯಾದರೆ ಹೆಕ್ಟೇರಿಗೆ 62 ಕಿಲೋ ಹೆಚ್ಚುಕಡಿಮೆ. ಆ 50 ಗ್ರಾಂ ಎಲ್ಲಿಂದ ಬರುತ್ತದೆ? ಶೇಕಡ 16 ತೇವವಿರುವ 1.10 ಕಿಲೋ ಕಾಳನ್ನು ಶೇಕಡ 12ಕ್ಕೆ ಇಳಿಸಿ ಲೆಕ್ಕ ಹಾಕಿದರೆ ಅದು 1.05 ಕಿಲೋ ಆಗುತ್ತದೆ. ಬೇಗ ಮಾಗುವ ತಳಿಯೂ ತಡವಾಗಿ ಮಾಗುವ ತಳಿಯೂ ಒಂದೇ ದಿನ ಕೊಯ್ದು ತೂಗಿದರೆ ಇಷ್ಟು ವ್ಯತ್ಯಾಸ ತಾನಾಗಿ ಬಂದುಬಿಡುತ್ತದೆ. ಅದಕ್ಕೆ ತೂಕದ ಪಕ್ಕದಲ್ಲಿ ತೇವದ ಅಂಕಣ ಇಲ್ಲದ ಫೀಲ್ಡ್ ಬುಕ್‌ಗೆ ನಾನು ಸಹಿ ಹಾಕುವುದಿಲ್ಲ. ಹಾಗೆಯೇ ಲೇಬಲ್ಲಿನ ಮೇಲೆ ಪೆನ್ಸಿಲ್ ಬರಹವೇ ಇರಬೇಕು, ಶಾಯಿ ಇಬ್ಬನಿಗೆ ಹರಡುತ್ತದೆ. ತೆನೆಯ ಚೀಲದೊಳಗೊಂದು, ಹೊರಗೊಂದು ಲೇಬಲ್.

ಕಣಿಕೆಯ ತೂಕ ಬಿಡಬಾರದು. ಹಿಂಗಾರಿ ಜೋಳದಲ್ಲಿ ಎಂ 35-1 ತಳಿ ಇಷ್ಟು ದಶಕ ರೈತರ ಹೊಲದಲ್ಲಿ ನಿಂತದ್ದು ಕಾಳಿನ ಇಳುವರಿಯಿಂದ ಮಾತ್ರವಲ್ಲ. ಕಾಳಿನ ಹೊಳಪು, ರೊಟ್ಟಿಯ ರುಚಿ, ದನಗಳ ಕಣಿಕೆ ಮೂರೂ ಕೂಡಿ ಬಂದದ್ದರಿಂದ. ಕಾಳಿನಲ್ಲಿ ಎರಡು ಕ್ವಿಂಟಾಲ್ ಗೆದ್ದು ಕಣಿಕೆಯಲ್ಲಿ ಸೋತ ತಳಿಯನ್ನು ಬಿಡುಗಡೆ ಸಮಿತಿ ಒಪ್ಪಬಹುದು, ರೈತ ಒಪ್ಪುವುದಿಲ್ಲ.

ಕಡಲೆಯ ಸೊರಗು ರೋಗದ ಪ್ಲಾಟ್ ಬೇರೆಯೇ ಶಿಸ್ತು ಬೇಡುತ್ತದೆ. ರೋಗದ ಶಿಲೀಂಧ್ರವನ್ನು ಬೇಕೆಂದೇ ಮಣ್ಣಿನಲ್ಲಿ ಉಳಿಸಿಕೊಂಡ ಹೊಲ ಅದು. ವರ್ಷವೂ ಅಲ್ಲಿ ಕಡಲೆಯೇ, ಒಣಗಿದ ಗಿಡ ಅಲ್ಲೇ ಕೊಚ್ಚಿ ಮಣ್ಣಿಗೆ. ಕೆಲವು ಸಾಲಿಗೊಮ್ಮೆ ಬೇಗ ಸೊರಗುವ ಜೆಜಿ-62 ಎಂಬ ಕಡಲೆ ತಳಿ ಹಾಕುತ್ತೇವೆ. ಅದು ಪ್ಲಾಟಿನ ಎಲ್ಲ ಮೂಲೆಯಲ್ಲೂ ಸಮನಾಗಿ ಸತ್ತಿದ್ದರೆ ಮಾತ್ರ ಪಕ್ಕದ ಸಾಲಿನ ತಳಿ ತಡೆದುಕೊಂಡಿತು ಎಂದು ಬರೆಯಬಹುದು. ಒಂದು ಮೂಲೆಯಲ್ಲಿ ಜೆಜಿ-62 ಹಸಿರಾಗಿ ನಿಂತಿದ್ದರೆ ಅಲ್ಲಿನ ಅಂಕಿಅಂಶಕ್ಕೆ ಬೆಲೆಯಿಲ್ಲ. ಈ ಪ್ಲಾಟಿಗೆ ಹೋದ ಕುಂಟೆ, ಕೂರಿಗೆ, ಟ್ರ್ಯಾಕ್ಟರ್ ಗಾಲಿ ತೊಳೆಯದೆ ಬೇರೆ ಹೊಲಕ್ಕೆ ಹೋಗಬಾರದು. ಆಗುವ ಅನಾಹುತವೆಂದರೆ ಸಂಜೆ ಅವಸರದಲ್ಲಿ ಚಾಲಕ ಅದೇ ಕಲ್ಟಿವೇಟರನ್ನು ಬೀಜೋತ್ಪಾದನೆಯ ಬ್ಲಾಕಿಗೆ ತಿರುಗಿಸುವುದು. ಆದ್ದರಿಂದ ಸೊರಗು ಪ್ಲಾಟಿನ ಉಪಕರಣಕ್ಕೆ ಕೆಂಪು ಬಣ್ಣ ಬಳಿದು, ಅದನ್ನು ಅಲ್ಲೇ ಕೊಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದು ಕ್ಷೇಮ.

ತಳಿವರ್ಧಕ ಬೀಜ, ಅಂದರೆ ಮುಂದಿನ ಎಲ್ಲ ಹಂತದ ಬೀಜಕ್ಕೂ ಬುಡವಾದ ಶುದ್ಧ ಬೀಜ, ಕೇಂದ್ರದ ಮಾನ. ಅದರ ಹಳದಿ ಚೀಟಿಯ ಚೀಲದಲ್ಲಿ ಹೋದ ಒಂದು ಬೆರಕೆ ಕಾಳು ಬಿಳಿ ಚೀಟಿಯ ಮೂಲ ಬೀಜದಲ್ಲಿ ನೂರಾಗಿ, ನೀಲಿ ಚೀಟಿಯ ಪ್ರಮಾಣಿತ ಬೀಜದಲ್ಲಿ ಸಾವಿರಗಟ್ಟಲೆಯಾಗಿ ರೈತನ ಹೊಲದಲ್ಲಿ ನಿಲ್ಲುತ್ತದೆ. ಕಡಲೆಗೆ ಪ್ರತ್ಯೇಕತೆಯ ಅಂತರ ಕಡಿಮೆ, ತನ್ನಷ್ಟಕ್ಕೆ ಪರಾಗಸ್ಪರ್ಶವಾಗುವ ಬೆಳೆ. ಅಲ್ಲಿ ಬೆರಕೆ ಬರುವುದು ಹೊಲದಲ್ಲಲ್ಲ, ರಾಶಿಯ ಯಂತ್ರದಲ್ಲಿ. ತಳಿ ಬದಲಾದಾಗಲೆಲ್ಲ ಜರಡಿ ಬಿಚ್ಚಿ, ಮೂಲೆಗಳನ್ನು ಊದಿಸಿ, ಯಂತ್ರ ಖಾಲಿ ಓಡಿಸಿ, ಹೊಸ ತಳಿಯ ಮೊದಲ ಐದಾರು ಕಿಲೋವನ್ನು ಬೀಜಕ್ಕೆ ಸೇರಿಸದೆ ದಿನಸಿ ಕಾಳಿಗೆ ಬಿಡಬೇಕು. ಜೋಳ ಹಾಗಲ್ಲ. ಅದರ ಮೂಲ ಬೀಜಕ್ಕೇ ಬೇರೆ ತಳಿಯಿಂದ 200 ಮೀಟರ್ ದೂರ ಬೇಕು, ತಳಿವರ್ಧಕ ಬೀಜಕ್ಕೆ ಅದಕ್ಕಿಂತ ಕಡಿಮೆ ಮಾಡಿ ಒಪ್ಪಿಸುವ ಮಾತೇ ಇಲ್ಲ. ಸುತ್ತಲಿನ ರೈತರ ಹೊಲದಲ್ಲಿ ಏನು ಬಿತ್ತುತ್ತಾರೆಂದು ಆಗಸ್ಟ್‌ನಲ್ಲೇ ಹೋಗಿ ಮಾತಾಡಿಕೊಂಡು, ಬೇಕಾದರೆ ಅವರಿಗೂ ಅದೇ ತಳಿಯ ಬೀಜ ಕೊಟ್ಟುಬಿಡುವುದು ಸುಲಭ. ಕಡಲೆ ಬೀಜ ಗೋದಾಮಿಗೆ ಹೋಗುವಾಗ ತೇವ ಶೇಕಡ 9 ಮೀರಬಾರದು, ಮೊಳಕೆ ಶೇಕಡ 85ಕ್ಕಿಂತ ಕೆಳಗೆ ಇಳಿಯಬಾರದು. ಚೀಲ ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ.

ಹವಾಮಾನ ವೀಕ್ಷಣಾಲಯವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಕೇಂದ್ರದ ಎಲ್ಲ ಪ್ರಯೋಗದ ವಿವರಣೆಯೂ ಕೊನೆಗೆ ಮಳೆಯ ಪುಸ್ತಕಕ್ಕೇ ಬಂದು ನಿಲ್ಲುತ್ತದೆ. ಮಳೆಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರ, ಉಷ್ಣಮಾಪಕದ ಪೆಟ್ಟಿಗೆಯ ಬಾಗಿಲು ಉತ್ತರಕ್ಕೆ, ಸುತ್ತ ಮರವಿಲ್ಲದ ಬಯಲು. ಮಳೆಯ ಓದು ಬೆಳಿಗ್ಗೆ 8.30ಕ್ಕೆ. ಭಾನುವಾರದ ಅಂಕಿಗಳನ್ನು ಸೋಮವಾರ ಕೂತು ಬರೆದಿದ್ದಾರೆಯೇ ಎಂದು ಪತ್ತೆ ಹಚ್ಚಲು ಒಂದು ದಾರಿಯಿದೆ. ದಿನದ ಗರಿಷ್ಠ ಉಷ್ಣಾಂಶ ಮಧ್ಯಾಹ್ನ ಎರಡರ ಓದಿಗಿಂತ ಕಡಿಮೆ ಇರಲು ಸಾಧ್ಯವಿಲ್ಲ, ಕನಿಷ್ಠ ಉಷ್ಣಾಂಶ ಬೆಳಿಗ್ಗೆ ಏಳರ ಓದಿಗಿಂತ ಹೆಚ್ಚಿರಲು ಸಾಧ್ಯವಿಲ್ಲ. ವಾರಕ್ಕೊಮ್ಮೆ ಈ ಎರಡು ಅಂಕಣ ಹೋಲಿಸಿದರೆ ಕಲ್ಪಿತ ಅಂಕಿ ಹಾಗೇ ಎದ್ದು ಕಾಣುತ್ತದೆ.

ಹಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅಖಿಲ ಭಾರತ ಸುಸಂಘಟಿತ ಯೋಜನೆಗಳಲ್ಲಿ ಕೇಂದ್ರ ಸರ್ಕಾರದ ಪಾಲು ಶೇಕಡ 75, ರಾಜ್ಯದ್ದು 25. ಎರಡು ಒಂದೇ ಹೊತ್ತಿಗೆ ಕೈಗೆ ಬರುವುದು ಅಪರೂಪ. ಬಿತ್ತನೆಯ ಕೂಲಿ, ಡೀಸೆಲ್ ಕಾಯುವಂಥವಲ್ಲ. ಬೀಜ ಮಾರಾಟದ ಆವರ್ತ ನಿಧಿಯಲ್ಲಿ ಒಂದು ಹಂಗಾಮಿನ ಖರ್ಚಿನಷ್ಟು ಮೊತ್ತವನ್ನು ಸೆಪ್ಟೆಂಬರ್‌ಗೆಂದು ಮುಟ್ಟದೆ ಇಟ್ಟುಕೊಂಡರೆ ಉಸಿರಾಡಬಹುದು. ಮಾರ್ಚ್‌ನಲ್ಲಿ ಅನುದಾನ ಹಿಂದೆ ಹೋಗುತ್ತದೆಂಬ ಅವಸರಕ್ಕೆ ಕೊಂಡ ಉಪಕರಣಗಳು ಪ್ರಯೋಗಾಲಯದ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿರುತ್ತವೆ. ಬಳಸುವ ವಿಜ್ಞಾನಿಯ ಹೆಸರು, ನಿರ್ವಹಣೆಯ ಕರಾರು ಎರಡೂ ಇಲ್ಲದ ಖರೀದಿ ಕಡತವನ್ನು ತಿರುಗಿಸಿ ಕಳಿಸುವುದೇ ಲೇಸು.

ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ನಡೆಯುವ ವಲಯ ಸಂಶೋಧನೆ ಮತ್ತು ವಿಸ್ತರಣೆ ಸಭೆಯಲ್ಲಿ ಮುಖ್ಯಸ್ಥನ ನಿಜವಾದ ಕೆಲಸ ಬೇಡ ಎನ್ನುವುದು. ಎರಡು ಒಳ್ಳೆಯ ಮಳೆ ವರ್ಷದ ಫಲಿತಾಂಶ ಹಿಡಿದುಕೊಂಡು ಹೊಸ ಶಿಫಾರಸನ್ನು ಸುಧಾರಿತ ಬೇಸಾಯ ಪದ್ಧತಿಯ ಪುಸ್ತಕಕ್ಕೆ ಸೇರಿಸಲು ಬರುವವರು ಇದ್ದೇ ಇರುತ್ತಾರೆ. ಒಣ ವಲಯದಲ್ಲಿ ಮೂರು ವರ್ಷದ ಅಂಕಿಅಂಶ, ಅದರಲ್ಲಿ ಒಂದಾದರೂ ಬರದ ವರ್ಷ, ಜೊತೆಗೆ ರೈತರ ಹೊಲದ ಪ್ರಯೋಗ ಇಲ್ಲದ ಶಿಫಾರಸಿಗೆ ನಾನು ಒಪ್ಪುವುದಿಲ್ಲ. ಇಲಾಖೆಯವರು ಕೇಳುವ ಪ್ರಶ್ನೆಯೂ ಸರಳ: ಈ ಬೀಜ, ಈ ಗೊಬ್ಬರ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಾಗುತ್ತದೆ ಅಷ್ಟೆ.

ಸೋಮವಾರ ಬೆಳಿಗ್ಗೆ ಎಲ್ಲ ವಿಜ್ಞಾನಿಗಳೂ ಹೊಲದಲ್ಲಿ ಒಟ್ಟಿಗೆ ನಡೆಯುವ ಪದ್ಧತಿ ಬಿಡಬಾರದು. ತಳಿ ವಿಜ್ಞಾನಿಯ ಪ್ಲಾಟಿನ ಹುಳ ಕೀಟಶಾಸ್ತ್ರಜ್ಞರ ಕಣ್ಣಿಗೆ ಮೊದಲು ಬೀಳುತ್ತದೆ, ಬೇಸಾಯ ಶಾಸ್ತ್ರದವರ ಕಳೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೇಲುಸ್ತುವಾರಿ ತಂಡ ಬರುವ ಹಿಂದಿನ ದಿನ ಅವಸರದಲ್ಲಿ ಕಳೆ ಕೀಳಿಸುವ ಕೇಂದ್ರವನ್ನು ಆ ತಂಡ ಹಸಿ ಮಣ್ಣಿನ ಬಣ್ಣ ನೋಡಿಯೇ ಗುರುತಿಸುತ್ತದೆ.

ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಕುರ್ಚಿ, ಬೀರು, ವಾಹನದ ಲಾಗ್ ಪುಸ್ತಕ ಇರುತ್ತವೆ. ಅವುಗಳ ಜೊತೆ ಬ್ಲಾಕ್ ಇತಿಹಾಸದ ನಕ್ಷೆ, ನಡೆಯುತ್ತಿರುವ ದೀರ್ಘಾವಧಿ ಪ್ರಯೋಗಗಳ ಮೂಲ ವಿನ್ಯಾಸ ಮತ್ತು ಪ್ಲಾಟಿನ ಕಲ್ಲುಗುರುತು, ತಳಿವಾರು ಬೀಜದ ದಾಸ್ತಾನು, ಶೀತಲ ಕೋಣೆಯ ಮೂಲ ಮಾದರಿಗಳ ಪಟ್ಟಿ ಇವನ್ನೂ ಸೇರಿಸಿ, ಹೊಸಬರನ್ನು ಹೊಲಕ್ಕೆ ಕರೆದೊಯ್ದು ಒಂದೊಂದು ಕಲ್ಲಿನ ಬಳಿ ನಿಲ್ಲಿಸಿ ತೋರಿಸಿಯೇ ಸಹಿ ಮಾಡಿಸಿಕೊಳ್ಳಬೇಕು. ಹತ್ತಾರು ವರ್ಷ ಗೊಬ್ಬರವಿಲ್ಲದೆ ನಡೆದ ಪ್ಲಾಟಿಗೆ ಗೊತ್ತಿಲ್ಲದವರು ಒಮ್ಮೆ ಯೂರಿಯಾ ಎರಚಿದರೆ ಆ ಪ್ರಯೋಗವನ್ನು ಮತ್ತೆ ಸರಿಪಡಿಸಲು ಆಗುವುದಿಲ್ಲ.