ಜೆಡಿಎ ಪ್ರಾಜೆಕ್ಟಿನ ಲೆಕ್ಕ: ನಾನು ಬರೆಯುವ ಕ್ರಮ

ಜಮೀನು ಒಬ್ಬರದು, ಕಟ್ಟುವ ದುಡ್ಡು ಇನ್ನೊಬ್ಬರದು. ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟುಗಳು ಏಳುವುದು ಇಂಥ ಜಂಟಿ ಅಭಿವೃದ್ಧಿ ಒಪ್ಪಂದದ (ಜೆಡಿಎ) ಮೇಲೆ, ಬಿಲ್ಡರ್ ಕಡೆಯಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ಪಾಲುದಾರರ ಒಂದು ಫರ್ಮ್. ಇಂಥ ಪುಸ್ತಕ ಕೈಗೆ ಬಂದಾಗ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುವ ಮೊದಲು ನಾನು ವಿಸ್ತೀರ್ಣದ ಪಟ್ಟಿ ಮಾಡುತ್ತೇನೆ. ಪ್ಲ್ಯಾನ್ ಮಂಜೂರಾದ ಮೇಲೆ ಆಗುವ ಹಂಚಿಕೆ ಒಪ್ಪಂದದಲ್ಲಿ ಯಾವ ನಂಬರಿನ ಫ್ಲ್ಯಾಟ್, ಯಾವ ಪಾರ್ಕಿಂಗ್ ಯಾರಿಗೆ ಎಂದು ಬರೆದು ಇಬ್ಬರೂ ಸಹಿ ಹಾಕಿರಬೇಕು. ಆ ಕಾಗದ ಬರುವವರೆಗೆ ಮಾರಾಟದ ಒಂದು ಎಂಟ್ರಿಯನ್ನೂ ಹಾಕುವುದಿಲ್ಲ.

ಮಾರಬಹುದಾದ ವಿಸ್ತೀರ್ಣ 1,00,000 ಚದರಡಿ, ಹಂಚಿಕೆ ಮಾಲೀಕರಿಗೆ 40, ಬಿಲ್ಡರಿಗೆ 60, ನಿರ್ಮಾಣ ವೆಚ್ಚ ಚದರಡಿಗೆ 2,800 ರೂ. ಎಂದಿಟ್ಟುಕೊಳ್ಳಿ. ಒಟ್ಟು 28 ಕೋಟಿ. ಜೊತೆಗೆ ಮಾಲೀಕರಿಗೆ ವಾಪಸಾಗದ 50 ಲಕ್ಷ, ವಾಪಸು ಬರಬೇಕಾದ ಡಿಪಾಜಿಟ್ 2 ಕೋಟಿ ಕೊಟ್ಟಾಗಿದೆ. ಬಿಲ್ಡರಿನ ಫ್ಲ್ಯಾಟಿಗೆ ಚದರಡಿ ವೆಚ್ಚ 2,800 ಅಲ್ಲ. 28.5 ಕೋಟಿಯನ್ನು 60,000 ಚದರಡಿಗೆ ಹಂಚಬೇಕು: 4,750 ರೂ. ಮಾಲೀಕರಿಗೆ ಕಟ್ಟಿಕೊಡುವ 40,000 ಚದರಡಿಗೆ ಬೀಳುವ 11.2 ಕೋಟಿ, ಬಿಲ್ಡರ್ ಜಮೀನಿಗೆ ತೆರುವ ಬೆಲೆಯೇ ಹೊರತು ಬೇರೇನಲ್ಲ. 6,500ಕ್ಕೆ ಮಾರಿದರೆ ಉಳಿಯುವುದು 1,750. 28 ಕೋಟಿಯನ್ನಷ್ಟೇ ಹಿಡಿದು ಒಂದು ಲಕ್ಷ ಚದರಡಿಯಿಂದ ಭಾಗಿಸಿದವರಿಗೆ 3,700 ಕಾಣುತ್ತದೆ. ಆ ಹುಸಿ ಲಾಭದ ಮೇಲೆ ಫರ್ಮ್ ಶೇ. 30ರ ತೆರಿಗೆ ಕಟ್ಟುತ್ತದೆ, ಪಾಲುದಾರರು ಡ್ರಾಯಿಂಗ್ಸ್ ಎತ್ತುತ್ತಾರೆ, ಕೊನೆಗೆ ಲಿಫ್ಟ್ ಮತ್ತು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಬಿಲ್ಲಿಗೆ ದುಡ್ಡಿರುವುದಿಲ್ಲ. ಜೆಡಿಎ ಫರ್ಮುಗಳು ಮುಗ್ಗರಿಸುವ ಜಾಗ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಪಾಜಿಟನ್ನು ವೆಚ್ಚಕ್ಕೆ ಸೇರಿಸುವುದಿಲ್ಲ, ಅದು ಆಸ್ತಿ ಕಡೆ ಕೂರುತ್ತದೆ. ಆದರೆ ಮಾಲೀಕರ ಕೈಯಲ್ಲಿ ದುಡ್ಡಿಲ್ಲದೆ, ಅದರ ಬದಲು 3,000 ಚದರಡಿ ಬಿಟ್ಟುಕೊಡುವುದು ಆಗಾಗ ನಡೆಯುತ್ತದೆ. ಆಗ ಪೂರಕ ಒಪ್ಪಂದ ಮಾಡಿಸಿ, 2 ಕೋಟಿಯನ್ನು ವೆಚ್ಚಕ್ಕೂ 3,000 ಚದರಡಿಯನ್ನು ಬಿಲ್ಡರ್ ಪಾಲಿಗೂ ಸೇರಿಸುತ್ತೇನೆ. 30.5 ಕೋಟಿ ಭಾಗಿಸು 63,000, ಅಂದರೆ ಸುಮಾರು 4,841 ರೂ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಉಳಿದ ಎಲ್ಲ ಫ್ಲ್ಯಾಟಿನ ಲಾಭವೂ ತಪ್ಪಾಗುತ್ತದೆ.

ಕೆಲಸ ನಡೆಯುತ್ತಿರುವಾಗಲೇ ವರಮಾನ ತೋರಿಸಲು ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐನ 2012ರ ಗೈಡೆನ್ಸ್ ನೋಟ್ ಹಿಡಿಯುತ್ತೇನೆ (ಇಂಡ್ ಎಎಸ್ ಎಂಬ ಲೆಕ್ಕದ ಮಾನದಂಡ ಅನ್ವಯಿಸುವ ಕಂಪನಿಗಳ ದಾರಿ ಬೇರೆ). ಮುಖ್ಯ ಅನುಮತಿಗಳೆಲ್ಲ ಬಂದಿರಬೇಕು, ನಿರ್ಮಾಣ ವೆಚ್ಚದ ಶೇ. 25 ಆಗಿರಬೇಕು, ಮಾರಬಹುದಾದ ವಿಸ್ತೀರ್ಣದ ಶೇ. 25ಕ್ಕೆ ಕರಾರು ಆಗಿರಬೇಕು, ಲೆಕ್ಕಕ್ಕೆ ಹಿಡಿಯುವ ಪ್ರತಿ ಕರಾರಿನಲ್ಲೂ ಶೇ. 10 ಹಣ ಬಂದಿರಬೇಕು. ಮಾಲೀಕರಿಗೆ ಕೊಟ್ಟ ನಗದನ್ನು ಆ ಮೊದಲ ಶೇ. 25ರೊಳಗೆ ತುರುಕಬಾರದು, ಜಮೀನಿನ ವೆಚ್ಚ ಅದರಿಂದ ಹೊರಗೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಪ್ರಕಾರದ ಪ್ರತ್ಯೇಕ ಬ್ಯಾಂಕ್ ಖಾತೆಗೆ ಗ್ರಾಹಕರ ಹಣದ ಶೇ. 70 ಹೋಗಬೇಕು. ತೆಗೆಯುವುದು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಪ್ರಮಾಣಪತ್ರದ ಮೇಲೆ, ಕೆಲಸ ಮುಗಿದ ಪ್ರಮಾಣದಲ್ಲಿ. ಫ್ಲ್ಯಾಟ್ ಬದಲು ಮಾರಾಟದ ಹಣವನ್ನೇ ಹಂಚಿಕೊಳ್ಳುವ (ಆದಾಯ ಹಂಚಿಕೆಯ) ಪ್ರಾಜೆಕ್ಟುಗಳಲ್ಲಿ ಇನ್ನೊಂದು ತೊಡಕಿದೆ. ಬುಕಿಂಗ್ ರದ್ದಾದಾಗ ಗ್ರಾಹಕರಿಗೆ ಪೂರ್ತಿ ಹಣ ಹಿಂದಿರುಗಿಸುವುದು ಬಿಲ್ಡರ್, ಮಾಲೀಕರ ಪಾಲು ಆಗಲೇ ಸಂದಾಯವಾಗಿರುತ್ತದೆ. ಆ ಮೊತ್ತವನ್ನು ಅದೇ ದಿನ ‘ಮಾಲೀಕರಿಂದ ಬರಬೇಕಾದದ್ದು’ ಎಂದು ಬರೆದು ಮುಂದಿನ ಕಂತಿನಲ್ಲಿ ಮುರಿದುಕೊಳ್ಳಬೇಕು.

ಪಾಲುದಾರರಿಗೆ ಎರಡೆರಡು ಖಾತೆ: ಬಂಡವಾಳ ಒಂದು, ಚಾಲ್ತಿ ಒಂದು. ಬಡ್ಡಿಯನ್ನು ದಿನದ ಬಾಕಿಯ ಮೇಲೆ ಹಾಕುತ್ತೇನೆ; ತೆರಿಗೆಗೆ ಶೇ. 12ಕ್ಕಿಂತ ಹೆಚ್ಚು ಒಪ್ಪುವುದಿಲ್ಲ, ಪಾಲುದಾರಿಕೆ ಡೀಡಿನಲ್ಲೂ ಬರೆದಿರಬೇಕು. 2025ರ ಏಪ್ರಿಲ್ 1ರಿಂದ ಪಾಲುದಾರರ ಬಡ್ಡಿ-ಸಂಬಳ ವರ್ಷಕ್ಕೆ 20,000 ದಾಟಿದರೆ ಶೇ. 10 ಟಿಡಿಎಸ್ (ಕೊಡುವಾಗಲೇ ಹಿಡಿಯುವ ತೆರಿಗೆ) ಇದೆ. ಖಾತೆಗೆ ಜಮೆ ಮಾಡಿದರೂ ಸಾಕು, ಟಿಡಿಎಸ್ ಬೀಳುತ್ತದೆ. ಪಾಲುದಾರರು ಸೈಟಿನಲ್ಲಿ ತಮ್ಮ ಜೇಬಿನಿಂದ ಮರಳಿಗೆ, ಕೂಲಿಗೆ ಕೊಟ್ಟ ದುಡ್ಡನ್ನು ವಾರಕ್ಕೊಮ್ಮೆ ವೋಚರ್ ಸಮೇತ ತರಿಸಿಕೊಳ್ಳುತ್ತೇನೆ. ವರ್ಷಾಂತ್ಯಕ್ಕೆ ಬಿಟ್ಟರೆ ಅದೇ ಜಗಳದ ಮೂಲ.

ಜಿಎಸ್‌ಟಿಯಲ್ಲಿ ಮಾಲೀಕರ ಫ್ಲ್ಯಾಟುಗಳಿಗೂ ಬಿಲ್ಡರ್ ತೆರಿಗೆ ಕಟ್ಟಬೇಕು. ಬೆಲೆ, ಅಭಿವೃದ್ಧಿ ಹಕ್ಕು ವರ್ಗವಾದ ದಿನಕ್ಕೆ ಹತ್ತಿರದಲ್ಲಿ ಹೊರಗಿನವರಿಗೆ ಮಾರಿದ ಅಂಥದೇ ಫ್ಲ್ಯಾಟಿನದು. ಅದು 5,800 ಆಗಿದ್ದರೆ 40,000 ಚದರಡಿಗೆ 23.2 ಕೋಟಿ, ಶೇ. 5ರಂತೆ 1.16 ಕೋಟಿ. ಕಂಪ್ಲೀಷನ್ ಸರ್ಟಿಫಿಕೇಟ್ ಅಥವಾ ಮೊದಲ ವಾಸ, ಯಾವುದು ಮೊದಲೋ ಅಂದು ಇದು ಬಾಕಿಯಾಗುತ್ತದೆ. ಯಾರು ಭರಿಸಬೇಕೆಂದು ಒಪ್ಪಂದದಲ್ಲೇ ಬರೆಸಿ. ಕೀಲಿ ಕೊಟ್ಟ ಮೇಲೆ ಯಾರೂ ಕೊಡುವುದಿಲ್ಲ.

ಮಾಲೀಕರ ಕಡೆ 1961ರ ಆದಾಯ ತೆರಿಗೆ ಕಾಯ್ದೆಯ 45(5ಎ) ಬಂದದ್ದು 2017ರ ಹಣಕಾಸು ಕಾಯ್ದೆಯಿಂದ. ನೋಂದಾಯಿತ ಒಪ್ಪಂದವಿದ್ದರೆ ಬಂಡವಾಳ ಲಾಭದ ತೆರಿಗೆ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ವರ್ಷಕ್ಕೆ, ಆ ದಿನದ ಮುದ್ರಾಂಕ ಮೌಲ್ಯ (ಸರ್ಕಾರದ ಮಾರ್ಗಸೂಚಿ ದರದ ಲೆಕ್ಕ) ಮತ್ತು ನಗದಿನ ಮೇಲೆ. ಮೇಲಿನ 50 ಲಕ್ಷ ಕೊಡುವಾಗ ಶೇ. 10ರಂತೆ 5 ಲಕ್ಷ ಟಿಡಿಎಸ್ ಹಿಡಿಯಬೇಕು. ಈ ಅನುಕೂಲ ವ್ಯಕ್ತಿ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಮಾತ್ರ. ಆದ್ದರಿಂದ ಅಣ್ಣತಮ್ಮಂದಿರು ಜಮೀನನ್ನು ಮೊದಲು ಫರ್ಮಿಗೆ ಹಾಕಿ ಆಮೇಲೆ ಜೆಡಿಎ ಮಾಡುತ್ತೇವೆ ಎಂದಾಗ ನಾನು ತಡೆಯುತ್ತೇನೆ. ಸರ್ಟಿಫಿಕೇಟ್ ಬರುವ ಮೊದಲೇ ತಮ್ಮ ಪಾಲಿನ ಫ್ಲ್ಯಾಟ್ ಬೇರೆಯವರಿಗೆ ವರ್ಗಾಯಿಸಿದರೂ ಈ ಅನುಕೂಲ ತಪ್ಪುತ್ತದೆ. ಸರ್ಟಿಫಿಕೇಟ್ ದಿನಾಂಕದ ಮಾರ್ಗಸೂಚಿ ದರದ ಪ್ರತಿಯನ್ನು ಆಗಲೇ ತೆಗೆದು ಫೈಲಿಗೆ ಹಾಕಿಡಿ.