ಆರು ವಾರದ ಕಿಟ್, ಒಂದೂವರೆ ವರ್ಷದ ವೈನ್

ಮನೆಯಲ್ಲೇ ವೈನ್ ಮಾಡಿಕೊಳ್ಳಲು ಸಿಗುವ ಕಿಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘6 ವಾರ’ ಎಂಬುದು ವೈನ್ ಬಾಟಲಿಗೆ ಇಳಿಯಲು ಬೇಕಾದ ಕಾಲವೆಂದೂ, ಅದು ಕುಡಿಯುವ ಹದಕ್ಕೆ ಬರುವ ಕಾಲ ಬೇರೆಯೇ ಇದೆಯೆಂದೂ ತಿಳಿಯುವಷ್ಟರಲ್ಲಿ ನನ್ನ ಮೊದಲ ಮೂವತ್ತು ಬಾಟಲಿಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು. ಕೆನಡಾದ ಮಿಸಿಸಾಗಾಕ್ಕೆ ಬಂದ ಎರಡನೆಯ ಚಳಿಗಾಲದಲ್ಲಿ, ಸ್ವಂತ ಬಳಕೆಗೆ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಇಲ್ಲಿ ಕಾನೂನಿನ ಅಡ್ಡಿಯಿಲ್ಲವೆಂದು ತಿಳಿದು, ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನಿನ ಕಿಟ್ ಒಂದನ್ನು ತಂದಿದ್ದೆ. ಬೆಂಗಳೂರಿನಲ್ಲಿ ನಮ್ಮ ನೆರೆಮನೆಯವರು ಕ್ರಿಸ್‌ಮಸ್ಸಿಗೆಂದು ನೀಲಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ ಹಾಕಿ ಭರಣಿಯಲ್ಲಿ ಇಡುತ್ತಿದ್ದ ವೈನ್ ಇಪ್ಪತ್ತೊಂದನೆಯ ದಿನಕ್ಕೆ ಲೋಟಕ್ಕೆ ಬರುತ್ತಿತ್ತು. ಅದನ್ನು ಕಂಡು ಬೆಳೆದವನಿಗೆ ಆರು ವಾರವೇ ದೀರ್ಘವೆನಿಸಿತ್ತು.

ಕಿಟ್ಟಿನ ಕೆಲಸ ಕಷ್ಟದ್ದೇನಲ್ಲ. ಸಾಂದ್ರೀಕರಿಸಿದ ದ್ರಾಕ್ಷಿ ರಸವನ್ನು ದೊಡ್ಡ ಬಕೆಟ್ಟಿಗೆ ಸುರಿದು, ನೀರು ಸೇರಿಸಿ 23 ಲೀಟರ್ ಮಾಡಿ, ಬೆಂಟೊನೈಟ್ ಮಣ್ಣು, ಓಕ್ ಮರದ ಚೂರು, ಯೀಸ್ಟ್ ಹಾಕಿದರೆ ಉಳಿದದ್ದನ್ನು ಯೀಸ್ಟೇ ನೋಡಿಕೊಳ್ಳುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೊದಲ ದಿನ 1.090 ತೋರಿಸಿದ್ದು, ಮೂರನೆಯ ವಾರದಲ್ಲಿ 0.994ಕ್ಕೆ ಇಳಿದಿತ್ತು. ಸಕ್ಕರೆ ಮುಗಿದು ಸುಮಾರು ಶೇ. 12.5ರಷ್ಟು ಆಲ್ಕೋಹಾಲ್ ಬಂದಿದೆ ಎಂದು ಇದರ ಅರ್ಥ.

ತಪ್ಪಾದದ್ದು ಅದರ ಮುಂದಿನ ಹಂತದಲ್ಲಿ. ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ವೈನಿನಲ್ಲಿ ಕರಗಿ ಕುಳಿತಿರುತ್ತದೆ. ಅದನ್ನು ಕಲಕಿ ಹೊರಗೆ ಹಾಕಬೇಕು. ಜನವರಿಯ ಬೇಸ್‌ಮೆಂಟಿನಲ್ಲಿ ವೈನ್ 15 ಡಿಗ್ರಿಯಷ್ಟು ತಣ್ಣಗಿತ್ತು, ತಣ್ಣಗಿದ್ದಷ್ಟೂ ಅನಿಲ ಬಿಡುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಸೌಟಿನ ಹಿಡಿಯಿಂದ ಹತ್ತು ನಿಮಿಷ ಕಲಕಿ, ತೋಳು ನೋಯತೊಡಗಿದಾಗ ಸಾಕೆಂದು ನಿಲ್ಲಿಸಿ, ಸರಿಯಾಗಿ 42ನೆಯ ದಿನ ಬಾಟಲಿಗೆ ತುಂಬಿದೆ. ವಾರ ಕಳೆಯುವ ಮೊದಲೇ ತೆರೆದಾಗ ನಾಲಿಗೆಗೆ ಸೋಡದಂತೆ ಚುರುಗುಟ್ಟಿತು, ಮೂಗಿಗೆ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ ಹೊಡೆಯಿತು, ಓಕಿನ ರುಚಿ ಹಸಿ ಹಲಗೆಯನ್ನು ನೆನೆಸಿದ ನೀರಿನಂತಿತ್ತು. ಊಟಕ್ಕೆ ಬಂದ ಗೆಳೆಯರು ಚೆನ್ನಾಗಿದೆ ಎಂದರು, ಎರಡನೆಯ ಲೋಟ ಯಾರೂ ಕೇಳಲಿಲ್ಲ. ಉಳಿದದ್ದನ್ನು ಬೇಸಿಗೆಯಲ್ಲಿ ಕಿತ್ತಳೆ ಹೋಳು ಹಾಕಿ ನಾನೇ ಮುಗಿಸಿದೆ.

ಸಹೋದ್ಯೋಗಿಯೊಬ್ಬರಿಗೆ ಆ ಸಲ ಕೊಟ್ಟಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ಅವರು ಮರುವರ್ಷದ ಚಳಿಗಾಲದಲ್ಲಿ, ನಾನು ಅವರ ಮನೆಗೆ ಊಟಕ್ಕೆ ಹೋದಾಗ ತೆರೆದರು. ಬೆಂಕಿಕಡ್ಡಿಯ ವಾಸನೆ ಹೋಗಿತ್ತು, ಒಗರು ಮೆತ್ತಗಾಗಿತ್ತು, ಮರದ ರುಚಿ ಹಣ್ಣಿನ ರುಚಿಯೊಳಗೆ ಸೇರಿಹೋಗಿತ್ತು. ಚುರುಗುಟ್ಟುವಿಕೆ ಮಾತ್ರ ಹಾಗೆಯೇ ಇತ್ತು. ಬಿರಡೆ ಹಾಕಿದ ಬಾಟಲಿಯಿಂದ ಅನಿಲ ಹೋಗುವುದಾದರೂ ಎಲ್ಲಿಗೆ? ಕಾಯುವುದರಲ್ಲಿ ಎರಡು ಬಗೆಯಿದೆ, ಕಾರ್‌ಬಾಯ್ ಎಂಬ ಗಾಜಿನ ದೊಡ್ಡ ಜಾಡಿಯಲ್ಲಿ ಮುಗಿಯಬೇಕಾದ ಕೆಲಸವನ್ನು ಬಾಟಲಿ ಮಾಡಿಕೊಡುವುದಿಲ್ಲ ಎಂಬುದು ಆ ಒಂದು ಲೋಟದಲ್ಲಿ ನನಗೆ ಸ್ಪಷ್ಟವಾಯಿತು.

ಮುಂದಿನ ಕಿಟ್ಟಿನಲ್ಲಿ ಕಲಕುವ ಮೊದಲು ಕಾರ್‌ಬಾಯನ್ನು ಮೇಲಿನ ಕೋಣೆಗೆ ತಂದು ವೈನನ್ನು 23 ಡಿಗ್ರಿಗೆ ಬೆಚ್ಚಗಾಗಿಸಿದೆ, ಡ್ರಿಲ್ಲಿಗೆ ಸಿಕ್ಕಿಸುವ ಕಡೆಗೋಲಿನಂಥ ಕಡ್ಡಿಯಿಂದ ಎರಡು ದಿನ ಬಿಟ್ಟುಬಿಟ್ಟು ಕಲಕಿದೆ. ಅನಿಲ ಹೋಗಿದೆಯೇ ಎಂದು ನೋಡುವ ಉಪಾಯ ಸರಳವಾಗಿದೆ: ಹೈಡ್ರೋಮೀಟರಿನ ಕೊಳವೆಗೆ ಅರ್ಧ ವೈನ್ ತುಂಬಿ, ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ಅಲ್ಲಾಡಿಸಿ ಬೆರಳು ತೆಗೆದಾಗ ‘ಪುಕ್’ ಎಂದರೆ ಇನ್ನೂ ಕಲಕಬೇಕು. ಸದ್ದಿಲ್ಲದ ಮೇಲೆ ತಿಳಿಗೊಳಿಸುವ ಪುಡಿ ಹಾಕಿ, ಗಷ್ಟು ಕೆಳಗುಳಿಯುವಂತೆ ಮತ್ತೊಂದು ಕಾರ್‌ಬಾಯ್‌ಗೆ ಇಳಿಸಿ, ಮೇಲೆ ಗಾಳಿಗೆ ಜಾಗ ಉಳಿಯದಂತೆ ಅಂಗಡಿಯ ಅದೇ ಜಾತಿಯ ವೈನನ್ನು ಕತ್ತಿನವರೆಗೆ ತುಂಬಿ, ನಾಲ್ಕು ತಿಂಗಳು ಮುಟ್ಟದೆ ಬಿಟ್ಟೆ. ಆರನೆಯ ವಾರದಲ್ಲೇ ಗಾಜಿನಂತೆ ತಿಳಿಯಾಗಿ ಕಂಡಿದ್ದ ವೈನ್ ಕೂಡ ಆ ಅವಧಿಯಲ್ಲಿ ತಳದಲ್ಲಿ ಮತ್ತೊಂದು ತೆಳು ಪದರ ಬಿಟ್ಟಿತು. ಆತುರಪಟ್ಟಿದ್ದರೆ ಆ ಗಷ್ಟು ಬಾಟಲಿಗೆ ಹೋಗುತ್ತಿತ್ತು.

ಮುಟ್ಟದೆ ಬಿಟ್ಟೆ ಎಂದರೆ ನೋಡದೆ ಬಿಟ್ಟೆ ಎಂದಲ್ಲ. ಕಾರ್‌ಬಾಯ್ ಬಾಯಿಗೆ ಸಿಕ್ಕಿಸುವ, ಒಳಗಿನ ಅನಿಲ ಬಿಟ್ಟು ಹೊರಗಿನ ಗಾಳಿ ತಡೆಯುವ ಏರ್‌ಲಾಕಿನ ನೀರು, ಮನೆ ಬೆಚ್ಚಗಿಡುವ ಫರ್ನೇಸಿನ ಒಣ ಗಾಳಿಗೆ ಆರಿಹೋಗುತ್ತದೆ. ಒಮ್ಮೆ ಹಾಗಾಗಿ ಎಷ್ಟು ದಿನ ಗಾಳಿ ಒಳಗೆ ಹೋಗಿತ್ತೋ ತಿಳಿಯದೆ ನಿದ್ದೆಗೆಟ್ಟೆ. ಅಂದಿನಿಂದ ಪ್ರತಿ ಭಾನುವಾರ ನೀರು ನೋಡುವುದು ರೂಢಿಯಾಗಿದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಇಡುವುದಾದರೆ ಬಾಟಲಿಗೆ ತುಂಬುವ ಮುನ್ನ ಇನ್ನೊಂದು ಕಾಲು ಚಮಚ, ಅಂದರೆ ಒಂದೂವರೆ ಗ್ರಾಂ, ವೈನ್ ಕೆಡದಂತೆ ಕಾಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಕುವುದನ್ನೂ ಮರೆಯಬಾರದು.

ತಾಳ್ಮೆಗೆ ನೆರವಾದದ್ದು ಅರೆಬಾಟಲಿಗಳು. 750 ಮಿಲಿಲೀಟರಿನ 25 ಬಾಟಲಿಗಳ ಜೊತೆಗೆ 375ರ ಎಂಟನ್ನು ತುಂಬಿ, ಮೂರು ದಿನ ನೆಟ್ಟಗೆ ನಿಲ್ಲಿಸಿ, ಬಿರಡೆ ಕುಳಿತ ಮೇಲೆ ಮೆಟ್ಟಿಲಿನ ಕೆಳಗಿನ ಕತ್ತಲಲ್ಲಿ ಮಲಗಿಸಿದೆ. ರುಚಿ ನೋಡಲು ಚಿಕ್ಕವನ್ನು ಮಾತ್ರ ತೆರೆಯುತ್ತೇನೆ. ಅವು ದೊಡ್ಡವಕ್ಕಿಂತ ತುಸು ಬೇಗ ಮಾಗುವುದರಿಂದ ಮುಂಗಡ ಸುದ್ದಿಯನ್ನೂ ಕೊಡುತ್ತವೆ. ಮೊದಲ ತಿಂಗಳು ವೈನ್ ಕಾರ್‌ಬಾಯ್‌ನಲ್ಲಿದ್ದುದಕ್ಕಿಂತ ಸಪ್ಪೆಯಾಗಿತ್ತು. ತುಂಬುವಾಗಿನ ಅಲುಗಾಟಕ್ಕೆ ಅದು ಹಾಗೆ ಮುದುಡುತ್ತದೆ. ಆರನೆಯ ತಿಂಗಳಲ್ಲಿ ಹಣ್ಣು ಮರಳಿತು, ಆದರೆ ಓಕ್ ಬೇರೆಯಾಗಿಯೇ ನಿಂತಿತ್ತು. ಒಗರಿಗೆ ಕಾರಣವಾದ ಟ್ಯಾನಿನ್ ಕಣಗಳು ಒಂದಕ್ಕೊಂದು ಕೂಡಿ ದೊಡ್ಡದಾಗಿ, ಕೆಲವು ತಳಕ್ಕಿಳಿದು, ನಾಲಿಗೆ ನಯವಾದದ್ದು ವರ್ಷದ ನಂತರ. ಹದಿನೆಂಟನೆಯ ತಿಂಗಳಿನದು ಈವರೆಗಿನ ನನ್ನ ಅತ್ಯುತ್ತಮ ವೈನ್.

ಇಟ್ಟಷ್ಟೂ ಒಳ್ಳೆಯದೆಂದು ಮಾತ್ರ ಯಾರೂ ತಿಳಿಯಬಾರದು. ಪಿನೊ ಗ್ರಿಜಿಯೊದಂಥ ಬಿಳಿ ವೈನಿನ ಕಿಟ್ ನಾಲ್ಕೈದು ತಿಂಗಳಿಗೇ ಹದಕ್ಕೆ ಬರುತ್ತದೆ, ಒಂದೂವರೆ ವರ್ಷ ಇಟ್ಟ ನನ್ನ ಎರಡು ಬಾಟಲಿಗಳು ಕಂದಿ ಒಣ ಸೇಬಿನ ವಾಸನೆ ಹಿಡಿದವು. ಹಾಗಾಗಿ ಪ್ರತಿ ಕೆಂಪು ಕಿಟ್ಟಿನ ಬೆನ್ನಿಗೆ ಒಂದು ಬಿಳಿಯ ಕಿಟ್ ಹಾಕುತ್ತೇನೆ. ಕುಡಿಯಲು ಬೇರೇನಾದರೂ ಇದ್ದರೆ ಕಾಯುವುದಕ್ಕೆ ಮನೋಬಲ ಬೇಕಾಗುವುದಿಲ್ಲ. ದ್ರಾಕ್ಷಿ ಸಿಪ್ಪೆಯ ಚೀಲವೂ ಇದ್ದ ಕಿಟ್ ಒಂದು ಈಗ ಮೆಟ್ಟಿಲಿನ ಕೆಳಗೆ ಮಲಗಿದೆ. ಅದರ ಒಂಬತ್ತನೆಯ ತಿಂಗಳ ಅರೆಬಾಟಲಿಯನ್ನು ಕಳೆದ ವಾರ ತೆರೆದು, ‘ಒಗರು ಇನ್ನೂ ವಸಡಿಗೆ ಹಿಡಿಯುತ್ತದೆ, ಇನ್ನಾರು ತಿಂಗಳು ಮುಟ್ಟಬಾರದು’ ಎಂದು ಪುಸ್ತಕದಲ್ಲಿ ಬರೆದು ದೀಪ ಆರಿಸಿ ಮೇಲೆ ಬಂದೆ.