ಹೊಳೆನಾಡಿಗೆ ಕರೆಂಟು ಕೊಟ್ಟ ಬಗೆ

ನನ್ನ ಕಾದಂಬರಿಗೆ ಒಂದು ಪುಟ್ಟ ದೇಶ ಬೇಕಿತ್ತು. ಸುತ್ತ ಬೆಟ್ಟ, ನಡುವೆ ಒಂದೇ ನದಿ, ಮೂರು ಲಕ್ಷ ಜನ. ಕಡಲಿಲ್ಲ, ಕಲ್ಲಿದ್ದಲಿಲ್ಲ. ಹೆಸರು ಹೊಳೆನಾಡು. ಬಾವುಟ, ರಾಜಧಾನಿ ಎಲ್ಲ ಆಮೇಲೆ ಬಂದವು. ಮೊದಲು ಕೂತು ಮಾಡಿದ್ದು ಕರೆಂಟಿನ ಲೆಕ್ಕ. ಆ ದೇಶದ ಜಗಳ, ಸಾಲ, ನೆರೆಯವರ ಭಯ ಎಲ್ಲವೂ ಅದರಿಂದಲೇ ಹುಟ್ಟಬೇಕು ಅಂತ ನನ್ನ ಆಸೆ.

ಮಾದರಿಗೆ ಭೂತಾನ್ ಇಟ್ಟುಕೊಂಡೆ. ಅಲ್ಲಿನ ಚುಖಾ ಸ್ಥಾವರ 336 ಮೆಗಾವಾಟ್, ತಾಲಾ 1020 ಮೆಗಾವಾಟ್. ಎರಡನ್ನೂ ಭಾರತದ ನೆರವಿನಿಂದ ಕಟ್ಟಿದ್ದು. ಎರಡೂ ಹರಿಯುವ ನೀರನ್ನೇ ನಂಬಿದವು, ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಕೂಡಿಡುವ ಜಲಾಶಯ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಭಾರತಕ್ಕೆ ಕರೆಂಟು ಮಾರುವ ದೇಶವೇ ಚಳಿಗಾಲದಲ್ಲಿ ಭಾರತದಿಂದ ಕೊಳ್ಳುತ್ತದೆ. ಕಥೆ ನನಗೆ ಸಿಕ್ಕಿದ್ದು ಇಲ್ಲೇ.

ಬೇಡಿಕೆಗೆ ತಲೆಗೆ ವರ್ಷಕ್ಕೆ 1000 ಯೂನಿಟ್ ಹಿಡಿದೆ. ಒಟ್ಟು 30 ಕೋಟಿ ಯೂನಿಟ್. ವರ್ಷದ 8760 ಗಂಟೆಗೆ ಹಂಚಿದರೆ ಸರಾಸರಿ 34 ಮೆಗಾವಾಟ್. ಆದರೆ ಸಂಜೆ ಏಳಕ್ಕೆ ಎಲ್ಲ ಮನೆಯಲ್ಲೂ ದೀಪ, ಒಲೆ, ಹೀಟರ್ ಒಟ್ಟಿಗೇ ಉರಿಯುತ್ತವೆ ಅಲ್ವಾ? ಆ ಪೀಕ್, ಅಂದರೆ ಅತಿ ಹೆಚ್ಚಿನ ಬೇಡಿಕೆ, 57 ಮೆಗಾವಾಟ್ ಅಂತ ಇಟ್ಟೆ.

ನೀರಿನ ಲೆಕ್ಕ ಸುಲಭ. ಹರಿವು, ಬೀಳುವ ಎತ್ತರ, ಗುರುತ್ವದ 9.81, ದಕ್ಷತೆ, ಇವನ್ನು ಗುಣಿಸಿದರೆ ಕಿಲೋವಾಟ್ ಸಿಗುತ್ತದೆ. ಸೆಕೆಂಡಿಗೆ 20 ಘನ ಮೀಟರ್ ನೀರು, 300 ಮೀಟರ್ ಎತ್ತರ, ಶೇ. 85 ದಕ್ಷತೆ ಅಂದರೆ ಸುಮಾರು 50 ಮೆಗಾವಾಟ್. ಒಂದರ ಕೆಳಗೊಂದು ಅಂಥ ಎರಡು ಸ್ಥಾವರ ಹಾಕಿದೆ. ಮಳೆಗಾಲದಲ್ಲಿ 100. ಚಳಿಗಾಲದಲ್ಲಿ ಹರಿವನ್ನು 4ಕ್ಕೆ ಇಳಿಸಿದರೆ ಬರೀ 20. ಸಂಜೆಯ ಪೀಕ್‌ಗೆ ಉಳಿದ 37 ಗಡಿಯಾಚೆಯಿಂದ ಒಂದೇ ಲೈನಿನಲ್ಲಿ ಬರಬೇಕು.

ಆ ಒಂದೇ ಲೈನು ನನಗೆ ತುಂಬ ಕೊಟ್ಟಿತು. ಚಳಿಗಾಲದಲ್ಲಿ ಅದು ಕಡಿದರೆ ಕತ್ತಲೆ, ಅದು ಯಾರಿಗಾದರೂ ಹೊಳೆಯುತ್ತದೆ. ಮಳೆಗಾಲದಲ್ಲಿ ಕಡಿದರೆ? ಪೀಕ್ ಹೊತ್ತಿನಲ್ಲೂ 43 ಮೆಗಾವಾಟ್ ಹೊರಗೆ ಹೋಗುತ್ತಿರುತ್ತದೆ. ಅದು ತಟ್ಟನೆ ನಿಂತರೆ ಟರ್ಬೈನಿನ ಹೊರೆ ಇಳಿಯುತ್ತದೆ, ವೇಗ ಏರುತ್ತದೆ, ಕರೆಂಟಿನ ಫ್ರೀಕ್ವೆನ್ಸಿ ಇರಬೇಕಾದ 50 ಹರ್ಟ್ಸ್ ದಾಟಿ ಮೇಲೆ ಓಡುತ್ತದೆ. ಟರ್ಬೈನಿನ ವೇಗ ಹಿಡಿತದಲ್ಲಿಡುವ ಸಾಧನ, ಗವರ್ನರ್, ಬೇಗ ನೀರು ತಗ್ಗಿಸದಿದ್ದರೆ ಯಂತ್ರಗಳು ತಮ್ಮ ರಕ್ಷಣೆಗೆ ತಾವೇ ಟ್ರಿಪ್ ಆಗುತ್ತವೆ. ನದಿ ತುಂಬಿ ಹರಿಯುವಾಗಲೇ ಇಡೀ ದೇಶ ಕತ್ತಲು! ದೊಡ್ಡ ಗ್ರಿಡ್ಡಿಗೆ 43 ಲೆಕ್ಕಕ್ಕೇ ಇಲ್ಲ. ಸಣ್ಣ ದೇಶದ ಕಷ್ಟ ಅಲ್ಲಿದೆ. ಇದನ್ನೇ ಮೊದಲ ಅಧ್ಯಾಯ ಮಾಡಿದೆ.

ಸೋಲಾರ್ ಹಾಕಬಹುದಿತ್ತು, ಸ್ವಲ್ಪ ಹಾಕಿದೆ. ಚಳಿಗಾಲದ ಹಗಲಿಗೆ ಅದು ನಿಜಕ್ಕೂ ಆಸರೆ. ಸಂಜೆ ಏಳಕ್ಕೆ ಬ್ಯಾಟರಿ ಬೇಕು.

ಇನ್ನೊಂದು ದಾರಿ ಮೇಲಿನ ಕಣಿವೆಯಲ್ಲಿ ದೊಡ್ಡ ಅಣೆಕಟ್ಟು. ಮಳೆಗಾಲದ ನೀರು ಚಳಿಗಾಲಕ್ಕೆ ಉಳಿಯುತ್ತದೆ, ನೆರೆಯವರ ಹಂಗೂ ತಪ್ಪುತ್ತದೆ. ಲೆಕ್ಕದಲ್ಲಿ ಇದೇ ಜಾಸ್ತಿ ಸರಿ. ಆದರೆ ಆ ಕಣಿವೆಯಲ್ಲಿ ಊರುಗಳಿವೆ. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ನಾಡಿಗೆ ಬೆಳಕು ಕೊಟ್ಟಳು. ಮುಳುಗಡೆಯಾದ ಮನೆತನಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಅದು ಗೊತ್ತಿದ್ದೂ ಹೊಳೆನಾಡಿನ ಕಣಿವೆಯನ್ನು ಸುಮ್ನೆ ನಕ್ಷೆಯಲ್ಲಿ ನೀಲಿ ಬಳಿಯಲು ನನ್ನಿಂದ ಆಗಲಿಲ್ಲ. ಅಣೆಕಟ್ಟು ಬೇಕು ಅನ್ನುವ ಎಂಜಿನಿಯರ್, ಬೇಡ ಅನ್ನುವ ಅವಳ ಅಪ್ಪ, ಇಬ್ಬರಿಗೂ ಸರಿಯಾದ ಅಂಕಿಗಳನ್ನೇ ಕೊಟ್ಟಿದ್ದೇನೆ. ಎರಡನೇ ಭಾಗ ಪೂರ್ತಿ ಅವರದು, ಈಗ ಅದನ್ನೇ ಬರೆಯುತ್ತಿದ್ದೇನೆ.